ರುಸಿನಾಳ ತಂಪು ಪುಡಿ

ಬಂಜರ್‌ಮಾಸಿನ್ ಪೇಟೆಯ ಹುಡುಗಿಯರು ಮುಖ ಬೆಳಗಿಸುವ ಸೀರಮ್ ಕೊಳ್ಳುವ ಮುಂಚೆ ರುಸಿನಾಳನ್ನು ಕೇಳುತ್ತಿದ್ದರು. ಮದುವೆಗೆ ಮುಂಚೆ ಅಪ್ಪನನ್ನು ಕೇಳುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ಇಪ್ಪತ್ತಾರು ವರ್ಷದಿಂದ ಅವಳು ಸೌಂದರ್ಯ ಸಾಮಗ್ರಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಇಂಗ್ಲಿಷ್ ಬಾರದು. ಆದರೂ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಶೀಶೆಯ ಬೆನ್ನ ಮೇಲಿನ ಸಣ್ಣಕ್ಷರಗಳನ್ನು ಕೂಡಿಸಿ ಓದಿ, ಯಾವುದರ ಬಂಡವಾಳ ಎಷ್ಟು ಎಂದು ಹೇಳಿಬಿಡುತ್ತಿದ್ದಳು.

ಅಣ್ಣನ ಮಗಳು ನೊರಾಯಿದಾಳ ಮದುವೆಗೆ ಆರು ವಾರ ಇತ್ತು. ಅವಳೂ ಎರಡು ಶೀಶೆ ಹಿಡಿದು ಬಂದಳು.

"ಅಚಿಲ್, ಯಾವ್ದು ತಗೊಳ್ಲಿ?" ಅಲ್ಲಿ ಅತ್ತೆಯನ್ನು ಕರೆಯುವುದೇ ಹಾಗೆ.

"ಪಟ್ಟೀಲಿ ಮೊದಲ್ನೇ ಹೆಸರು ಬಿಡು, ಎಲ್ಲದ್ರಲ್ಲೂ ಬರೀ ನೀರು. ಮುಂದಕ್ಕೆ ನೋಡು. ಜಾಸ್ತಿ ಇರೋದನ್ನ ಮೊದ್ಲು ಬರೀತಾರೆ. ಇದ್ರಲ್ಲಿ ಮುಖ ಬೆಳಗಿಸೋ ನಯಾಸಿನಮೈಡ್ ಎರಡ್ನೇ ಜಾಗ್ದಲ್ಲಿದೆ. ಅದ್ರಲ್ಲಿ ನೋಡು, ಡಬ್ಬದ ಮುಂದೆ ಆರ್ಬುಟಿನ್ ಅಂತ ಇಷ್ಟುದ್ದ ಬರ್ದಿದಾರೆ. ಹಿಂದೆ ತಿರುಗಿಸಿದ್ರೆ ಸೆಂಟಿಗಿಂತ ಕೆಳಗಿದೆ, ಕರೀದೇ ಬಂದ ನೆಂಟನ ಥರ."

"ಹಾಗಾದ್ರೆ ಇದು ಬೆಳ್ಳಗೆ ಮಾಡುತ್ತಾ?"

"ಇದೂ ಸುಳ್ಳೇ ಹೇಳುತ್ತೆ. ಸ್ವಲ್ಪ ಕಮ್ಮಿ ಹೇಳುತ್ತೆ."

ನೊರಾಯಿದಾ ನಕ್ಕಳು. ಆಮೇಲೆ ಮೆಲ್ಲಗೆ, "ಮದುಮಗಳ ಹಬೆ ಸ್ನಾನದ ದಿನ ಅಜ್ಜಿ ಮಾಡ್ತಿದ್ದ ಪುಪುರ್ ಹಚ್ತೀರಾ ಅಚಿಲ್? ನಾನಂತೂ ಅಜ್ಜೀನ ನೋಡೇ ಇಲ್ಲ. ಅಪ್ಪ ದಿನಾ ಅದರ ಪರಿಮಳ ಹೇಳಿ ಹೇಳಿ ತಲೆ ತಿಂತಾರೆ," ಎಂದಳು.

ರುಸಿನಾ ಹೂಂ ಅಂದಳು. ಆದರೆ ಪುಪುರ್ ಎಂಬ ಆ ಅಕ್ಕಿಯ ತಂಪು ಪುಡಿ ಅವಳಿಗೆ ಒಂದು ಸಲವೂ ಕೈಹತ್ತಿರಲಿಲ್ಲ.

ಕುಯಿನ್ ಹೊಳೆಯ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಯಲ್ಲಿ ಅವಳು ಹುಟ್ಟಿದ್ದು. ತಾಯಿ ಅಕ್ಕಿಯನ್ನು ಹತ್ತು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ನುಣ್ಣಗೆ ಅರೆದು, ರಂಭೆ ಎಲೆ, ಕೆನಂಗಾ ಹೂವು ಸೇರಿಸಿ, ತಟ್ಟೆಯ ತುಂಬ ಹನಿ ಹನಿಯಾಗಿ ಇಟ್ಟು ಒಣಗಿಸುತ್ತಿದ್ದಳು. ಒಣಗಿದ ಆ ಸಣ್ಣ ಉಂಡೆಗಳನ್ನು ಅಂಗೈಯಲ್ಲಿ ನೀರು ಹಾಕಿ ಕಲಸಿ, ಬಿಸಿಲಿಗೆ ಹೋಗುವ ಮುಂಚೆ ಮಗಳ ಕೆನ್ನೆಗೆ ದಪ್ಪಗೆ ಬಳಿಯುವಳು. ಬಿಳಿ ಮುಖ ಹೊತ್ತು ದೋಣಿಯಲ್ಲಿ ಬಾಳೆಗೊನೆ ಮಾರಲು ಹೋಗುವ ಹೆಂಗಸರೆಲ್ಲ ಅಕ್ಕತಂಗಿಯರಂತೆ ಕಾಣುತ್ತಿದ್ದರು. ಯಾರ ಬಣ್ಣ ಯಾವುದು ಎಂದು ಆಗ ಯಾರು ನೋಡಿದರು? ಎಂಥ ತಣ್ಣನೆಯ ಕೈ ತಾಯಿಯದು! ರುಸಿನಾಳಿಗೆ ಇಪ್ಪತ್ತಾಗುವಷ್ಟರಲ್ಲಿ ತಾಯಿಯ ಜೊತೆ ಆ ಕೈಯೂ ಹೋಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಪುಡಿ ಬರೀ ಪುಡಿಯಾಗಿಯೇ ಉಳಿಯಿತು, ತಾಯಿಯ ಪರಿಮಳ ಬರಲಿಲ್ಲ. ಅಕ್ಕಿ ಬದಲಿಸಿದಳು, ಹೂವು ಬದಲಿಸಿದಳು. ಕೊನೆಗೆ ಕೈಬಿಟ್ಟಳು.

ಈಗ ಮಾತು ಕೊಟ್ಟಾಗಿತ್ತು. ತಾಯಿಯ ನೆರೆಮನೆಯ ಜಮ್ರಾ ಇನ್ನೂ ಹೊಳೆಯ ದಡದಲ್ಲೇ ಇದ್ದಳು. ರುಸಿನಾ ಅವಳ ಮುಂದೆ ಕೂತು, ತಾನು ಹಾಕುವ ಸಾಮಾನೆಲ್ಲ ಒಂದೊಂದಾಗಿ ಒಪ್ಪಿಸಿದಳು.

ಜಮ್ರಾ ಎಲೆಯಡಿಕೆ ಉಗಿದು, "ಎಲ್ಲಾ ಹೇಳ್ದೆ. ನೀರು ಯಾವ್ದೇ?" ಅಂದಳು.

"ನೀರಾ? ನಲ್ಲಿ ನೀರು."

"ಅದು ಆಸ್ಪತ್ರೆ ವಾಸ್ನೆ ಹೊಡೆಯುತ್ತಲ್ಲೇ. ನಿಮ್ಮಮ್ಮ ಹೊಳೆ ನಡುವಿಂದ ನೀರು ತಂದು, ಪಟಿಕ ತಿರುಗಿಸಿ, ಹಂಡೇಲಿ ತಿಳಿಯಾಗಿಸಿ ಅದ್ರಲ್ಲಿ ಅಕ್ಕಿ ನೆನೆಹಾಕ್ತಿದ್ಲು. ಅಂಗಡೀಲಿ ಇಷ್ಟು ವರ್ಷ ಕೂತು ಇದೂ ಹೊಳೀಲಿಲ್ವೇನೇ ನಿಂಗೆ?"

ರುಸಿನಾ ನಾಚಿಕೆಯಿಂದ ಮುದುಡಿಹೋದಳು. ಅದೇ ದಿನ ಜಮ್ರಾಳ ಮನೆ ಮುಂದೆ ಹೊಳೆಯ ನಡುವಿಂದ ಒಂದು ಕೊಡ ನೀರು ಹೊತ್ತು ತಂದಳು. ಅದು ತೀರಿದಂತೆಲ್ಲ ಮತ್ತೆ ಹೋಗಿ ತಂದಳು. ಹನ್ನೊಂದನೆಯ ದಿನ ಅರೆಯುವಾಗ ಪರಿಮಳ ಎದ್ದಿತು, ಅದೇ ಪರಿಮಳ. ಐವತ್ತೆಂಟರ ಹೆಂಗಸು ಅರೆಯುವ ಕಲ್ಲಿನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಹಬೆ ಸ್ನಾನದ ದಿನ ನೊರಾಯಿದಾ ಚಾಪೆ ಸುತ್ತಿಕೊಂಡು, ಬೇರು ನಾರುಗಳ ಹಬೆಯಲ್ಲಿ ಬೆವರಿ, ಒರೆಸಿಕೊಂಡು ಬಂದು ಮುಖ ಎತ್ತಿ ಕಣ್ಣು ಮುಚ್ಚಿ ಕೂತಳು. ಬಟ್ಟಲಲ್ಲಿ ಪುಪುರ್ ಕಲಸಿ ಸಿದ್ಧವಿತ್ತು. ರುಸಿನಾಳ ಕೈ ಮಾತ್ರ ಮುಂದೆ ಹೋಗಲಿಲ್ಲ. ಪರಿಮಳದ ಗುಂಗಿನಲ್ಲಿ ಮರೆತದ್ದು ನೆನಪಾಯಿತು: ಆ ಹೊಳೆಯ ನೀರನ್ನು ಈಗ ಯಾರೂ ಕುಡಿಯುವುದಿಲ್ಲ. ದೋಣಿ ಎಂಜಿನ್ನುಗಳ ಎಣ್ಣೆ, ಚರಂಡಿ, ಇನ್ನೂ ಏನೇನು ಬೆರೆತಿದೆಯೋ, ಬರೆದಿಟ್ಟವರಿಲ್ಲ. ಒಳಗೇನಿದೆ ಎಂಬ ಚೀಟಿಯೇ ಇಲ್ಲದ ಕ್ರೀಮು ತಂದ ಎಷ್ಟೋ ಹುಡುಗಿಯರನ್ನು ಬೈದು ಕಳಿಸಿದವಳು ಅವಳು.

"ಹಚ್ಚಿ ಅಚಿಲ್."

"ನಿಂಗೆ ಬೇಡ ಮಗಾ. ಆ ಶೀಶೇದೇ ಹಚ್ಕೋ."

"ಯಾಕೆ, ಸರಿ ಬರಲಿಲ್ವಾ?"

"ಸರಿಯಾಗೇ ಬಂದಿದೆ. ಆ ಹೊಳೆ ನೀರಲ್ಲಿ ಈಗ ಏನಿದೆ ಅಂತ ನಂಗೆ ಗೊತ್ತಿಲ್ಲ."

ಹುಡುಗಿಯ ಮುಖ ಸಣ್ಣದಾಯಿತು. ಅದನ್ನು ನೋಡಲಾರದೆ ರುಸಿನಾ ಬಟ್ಟಲಿಗೆ ಬೆರಳದ್ದಿ, ತನ್ನ ಎರಡೂ ಕೆನ್ನೆಗೆ ದಪ್ಪಗೆ ಬಳಿದುಕೊಂಡಳು.

"ಹತ್ರ ಬಾ. ನಿಮ್ಮಜ್ಜಿ ಪರಿಮಳ ಇದೇ."

ಆ ಊರಿನಲ್ಲಿ ಮುತ್ತಿಡುವುದೆಂದರೆ ಕೆನ್ನೆಗೆ ಮೂಗಿಟ್ಟು ಉಸಿರೆಳೆಯುವುದು. ನೊರಾಯಿದಾ ಬಗ್ಗಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದಳು. ರುಸಿನಾ ಕದಲದೆ ಕೂತಿದ್ದಳು.

"ಇನ್ನೊಂದ್ಸಲ ಅಚಿಲ್," ಎಂದು ಹುಡುಗಿ ಮತ್ತೆ ಬಗ್ಗಿದಳು.