ಕಾಜಾ ಅಕ್ಕನಿಗೆ ತಂಗಿ ಆರಿಸಿದ ಫೋನು

ಕಂಡವರಿಗೆಲ್ಲ ಅವಳು ಕಾಜಾ ಅಕ್ಕ. ಅರವತ್ತೊಂದನೆಯ ವಯಸ್ಸಿನಲ್ಲಿ, ಒಂದು ಭಾನುವಾರ, ನಿದ್ದೆಯಲ್ಲೇ ತೀರಿಕೊಂಡಳು. ಮದುವೆಯಾಗಿರಲಿಲ್ಲ. ತನ್ನವರು ಎನ್ನಲು ಒಬ್ಬಳು ತಂಗಿ, ತಂಗಿಯ ಗಂಡ, ಒಬ್ಬ ಚಿಕ್ಕಮ್ಮ ಮತ್ತು ಚಿಕ್ಕಮ್ಮನ ಮಕ್ಕಳು. ಕೋಟು ಹೊಲಿಯುವ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಕುಳಿತು, ಗುಂಡಿ ತೂರುವ ಕಾಜಾಗಳನ್ನು ಕೈಸೂಜಿಯಿಂದ ಹೊಲಿಯುವುದು ಅವಳ ಕಸುಬು. ಆ ಕೆಲಸಕ್ಕೆ ಯಂತ್ರ ಬಂದ ಮೇಲೂ ಅಂಗಡಿಯ ಮಾಸ್ಟರ್ ಅವಳನ್ನು ಬಿಟ್ಟುಕೊಡಲಿಲ್ಲ. ಕೋಟಿನ ಮೊಣಕೈ ಸವೆದು ಹರಿದರೂ ಅವಳು ಹೊಲಿದ ಕಾಜಾ ಬಾಯಿ ಬಿಡುತ್ತಿರಲಿಲ್ಲ.

ಅಂಥವಳ ಸಾವಿಗೆ ಚಿಕ್ಕಮ್ಮನ ಮನೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಸ್ವಂತದವರ ಫೋನನ್ನೂ ಎತ್ತದ ಸೊಕ್ಕಿನ ಹೆಂಗಸು ಎಂಬ ಮಾತು ಅಷ್ಟು ಹೊತ್ತಿಗೆ ನೆಂಟರಲ್ಲಿ ಬೇರುಬಿಟ್ಟಿತ್ತು. ಬಿತ್ತಿದವಳು ತಂಗಿಯೇ.

ತಂಗಿ ಒಂದು ಕಚೇರಿಯಲ್ಲಿ ಮೇಲ್ವಿಚಾರಕಿ. ತನ್ನ ಕೈಕೆಳಗಿನವರ ಪರವಾಗಿ ತೀರ್ಮಾನ ಮಾಡಿ ಅಭ್ಯಾಸವಾದವಳು. ಹಿಂದಿನ ವರ್ಷ ಅಕ್ಕನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಫೋನಿನ ಅಂಗಡಿಗೆ ಹೋಗಿದ್ದಳು. ಅಕ್ಕನ ಕೈಯಲ್ಲಿದ್ದುದು ಒತ್ತುಗುಂಡಿಗಳ ಹಳೆಯ ಫೋನು. ಅಂಕಿಗಳು ಅಳಿಸಿಹೋಗಿದ್ದರೂ ಬೆರಳಿಗೆ ಅವುಗಳ ಜಾಗ ಗೊತ್ತಿತ್ತು.

"ಅಮ್ಮನಿಗೆ ಕ್ಯಾಮೆರಾ ಎಂಥದ್ದಿರಬೇಕು?" ಎಂದು ಅಂಗಡಿಯ ಹೆಂಗಸು ನಾಲ್ಕಾರು ಫೋನುಗಳನ್ನು ಹರಡಿದಳು.

"ಕ್ಯಾಮೆರಾ ಕಟ್ಕೊಂಡು ನಾನೇನು ಮಾಡ್ಲಮ್ಮ. ಒತ್ತಿದ್ರೆ ಒತ್ತಿದ್ದು ಗೊತ್ತಾಗೋ ಹಾಗಿದ್ರೆ ಸಾಕು."

"ಅಕ್ಕ, ನೀನು ಸುಮ್ನಿರು. ಅಂಥದ್ದನ್ನ ಈಗ ಯಾರು ಇಟ್ಕೊಂಡಿದಾರೆ? ನಾವೆಲ್ಲ ಗ್ರೂಪ್‌ನಲ್ಲಿ ಮಾತಾಡ್ಕೋತೀವಿ, ನೀನೊಬ್ಬಳು ಪರದೇಸಿ ಥರ ಹೊರಗೆ."

ತಂಗಿ ಆರಿಸಿದ್ದು ತೆಳ್ಳಗೆ, ಕನ್ನಡಿಯಂತೆ ಹೊಳೆಯುವ ಒಂದು ಫೋನು. ಬೀಗ ತೆರೆಯಲು ಬೆರಳಚ್ಚು ಇಡೋಣವೆಂದರೆ, ಅಕ್ಕನ ಯಾವ ಬೆರಳನ್ನೂ ಅದು ಗುರುತಿಸಲಿಲ್ಲ. ಸೂಜಿ ತಳ್ಳಿ ತಳ್ಳಿ ಗೆರೆಗಳು ಸವೆದು, ತುದಿಗಳು ಗೊರಸಿನಂತೆ ಗಟ್ಟಿಯಾಗಿದ್ದವು.

"ನಾನು ಕಳ್ಳತನಕ್ಕೆ ಹೋಗಬೇಕಿತ್ತು ನೋಡು," ಎಂದಳು ಅಕ್ಕ. "ಪೊಲೀಸರಿಗೆ ಸುಳಿವೇ ಸಿಗ್ತಿರ್ಲಿಲ್ಲ."

ಮೂವರೂ ನಕ್ಕರು. ಬೆರಳು ಬೇಡ, ಅಂಕಿಯ ಬೀಗ ಸಾಕೆಂದು ತಂಗಿ ಅವಸರಪಡಿಸಿದಳು. ಬೆರಳಿನ ಗುರುತೇ ಹತ್ತದ ಗಾಜಿನ ಮೇಲೆ ಆ ಬೆರಳು ಕರೆಯನ್ನು ಹೇಗೆ ಸರಿಸೀತು ಎಂದು ಅವಳು ಯೋಚಿಸಲಿಲ್ಲ.

"ನೆಟ್‌ವರ್ಕ್ ಆದ್ರೂ ಹಳೇದೇ ಇರ್ಲಿ ಕಣೇ," ಎಂದಳು ಅಕ್ಕ. "ನಾನು ಕೂರೋ ನೆಲಮಾಳಿಗೇಲಿ ಅದೊಂದೇ ಸಿಗೋದು."

"ಯಾವ ಕಾಲದಲ್ಲಿದೀಯ ನೀನು? ನಮ್ಮನೇಲಿ ಎಲ್ಲರದೂ ಒಂದೇ ಕಂಪನಿ, ಒಂದೇ ಪ್ಲಾನ್. ನಿನ್ನ ನಂಬರೇನೂ ಬದಲಾಗಲ್ಲ."

"ಆಯ್ತಮ್ಮ. ನಿನ್ನ ಮಾತಿಗೆ ಎದುರಾಡೋಕಾಗತ್ತಾ."

ಹಳೆಯ ಫೋನನ್ನು ವಿನಿಮಯದ ಕೊಡುಗೆಗೆಂದು ತೆಗೆದುಕೊಂಡು ಅಂಗಡಿಯ ಹೆಂಗಸು ಡ್ರಾಯರ್ ಮುಚ್ಚಿದಳು.

ಅಲ್ಲಿಂದಾಚೆಗೆ ಹಗಲಲ್ಲಿ ಕರೆ ಮಾಡಿದರೆ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಉತ್ತರ. ಸಂಜೆ ಮಾಡಿದರೆ ಗಂಟೆ ಬಾರಿಸಿ ಬಾರಿಸಿ ನಿಲ್ಲುತ್ತಿತ್ತು. ಗ್ರೂಪ್‌ನಲ್ಲಿ ಅಕ್ಕನದು ಒಂದಕ್ಷರವೂ ಇಲ್ಲ. ತಂಗಿಯ ಮನಸ್ಸಿನಲ್ಲಿ ಅದು ಅವಮಾನವಾಗಿ ಕೂತಿತು. ಒಂದು ದಿನ ಅಕ್ಕನ ಕೋಣೆಯ ಬಾಗಿಲಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ ಕೇಳಿದಳು.

"ಎತ್ತಬಾರದು ಅಂತಲೇ ನಿರ್ಧಾರ ಮಾಡಿದೀಯಾ?"

"ಕೆಲಸ ಇತ್ತು ಕಣೇ. ಒಳಗೆ ಬಾ."

"ನಿನಗೊಬ್ಬಳಿಗೇನಾ ಕೆಲಸ? ಇಷ್ಟು ಸೊಕ್ಕು ಬೇಡ ಅಕ್ಕ. ಇನ್ನು ನಾನಂತೂ ಮಾಡಲ್ಲ."

ಆಡಿದಂತೆ ನಡೆದುಕೊಂಡಳು. ಅಷ್ಟಕ್ಕೇ ನಿಲ್ಲದೆ ಚಿಕ್ಕಮ್ಮನಿಗೂ ಅವರ ಮಕ್ಕಳಿಗೂ ಉಪ್ಪುಖಾರ ಹಚ್ಚಿ ಹೇಳಿದಳು. ಅವರೂ ಒಮ್ಮೆ ಕರೆ ಮಾಡಿ, ಉತ್ತರ ಸಿಗದೆ, ಹೇಳಿದ್ದು ನಿಜವೆಂದುಕೊಂಡರು.

ಮಣ್ಣಾದ ಮರುದಿನ ತಂಗಿ ಸಾಮಾನು ತರಲು ನೆಲಮಾಳಿಗೆಗೆ ಇಳಿದಳು. ಸುಣ್ಣದ ಗೋಡೆ, ಒಂದು ತೂಗುದೀಪ, ಅದರ ಕೆಳಗೆ ಅಕ್ಕನ ಮೋಟು ಕುರ್ಚಿ. ಶನಿವಾರ ಅಕ್ಕ ಕರವಸ್ತ್ರದಲ್ಲಿ ಕಟ್ಟಿ ಅಲ್ಲೇ ಬಿಟ್ಟುಹೋಗಿದ್ದ ಫೋನನ್ನು ಮಾಸ್ಟರ್ ತಂದುಕೊಟ್ಟರು.

"ಇದನ್ನ ಮೂಗಲ್ಲಿ ಎತ್ತೋರು ಅವರು," ಎಂದರು.

"ಏನಂದ್ರಿ?"

"ಬೆರಳಿಗೆ ಮಣೀತಿರ್ಲಿಲ್ಲ ಇದು. ಉಗುರಲ್ಲಿ, ಮೊಣಕೈಯಲ್ಲಿ ಎಲ್ಲ ನೋಡಿದ್ರು. ಕೊನೆಗೆ ಮೂಗಿನ ತುದಿ ಕೆಲಸಕ್ಕೆ ಬಂತು. ಆದ್ರೆ ಕನ್ನಡಕ ತೆಗೆದು, ಗುರಿ ನೋಡಿ ಬಗ್ಗೋಷ್ಟರಲ್ಲಿ ಕರೆ ನಿಂತಿರೋದು. ನಾವು ನಗ್ತಿದ್ವಿ, ಅವರೂ ನಗೋರು."

"ಬೇರೆ ತಗೋಬಹುದಿತ್ತಲ್ಲ."

"ನಾನೂ ಅಂದೆ. ತಂಗಿ ಇಷ್ಟಪಟ್ಟು ಕೊಡಿಸಿದ್ದು, ಬದಲಾಯಿಸಿದ್ರೆ ನೊಂದ್ಕೋತಾಳೆ ಅಂದ್ರು. ಇಲ್ಲಿ ಕೆಳಗೆ ಸಿಗ್ನಲ್ಲೂ ಇಲ್ವಲ್ಲ. ಮಧ್ಯಾಹ್ನ ಅದನ್ನ ಹಿಡ್ಕೊಂಡು ಮೇಲೆ ರಸ್ತೆ ಬಾಗಿಲಿಗೆ ಹೋಗಿ ನಿಲ್ಲೋರು. ನಿಮಗೆ ಅದೇ ಬಿಡುವಿನ ಹೊತ್ತಂತೆ."

"ಯಾವಾಗಿನ ಮಾತು?"

"ಮೊನ್ನೆ ಶನಿವಾರದವರೆಗೂ. ನಾನೇ ನಂಬರ್ ಒತ್ತಿ ಕೊಡ್ತೀನಿ ಅಂದ್ರೆ, ಬೇಡ, ಕೋಪ ಇಳಿದ್ರೆ ಅವಳೇ ಮಾಡ್ತಾಳೆ ಅಂತಿದ್ರು."

ತಂಗಿ ಮೋಟು ಕುರ್ಚಿಯ ಮೇಲೆ ಕುಳಿತಳು. ಅಳು ಬಂದಿದ್ದರೆ ಒಳ್ಳೆಯದಿತ್ತು, ಬಂದದ್ದು ನಾಚಿಕೆ. ಕೋಪ ಇಳಿದು ಎಷ್ಟೋ ಕಾಲವಾಗಿತ್ತು. ಮೊದಲು ಯಾರು ಸೋಲುವುದು ಎಂಬ ಹಟವೊಂದೇ ಉಳಿದಿತ್ತು, ಆ ಹಟವೂ ಅವಳೊಬ್ಬಳದೇ.

ಮೇಲೆ ರಸ್ತೆಗೆ ಬಂದು, ಅದೇ ಬಾಗಿಲಲ್ಲಿ ನಿಂತು, ತನ್ನ ಫೋನಿನಿಂದ ಚಿಕ್ಕಮ್ಮನಿಗೆ ಕರೆ ಮಾಡಿದಳು.

"ಚಿಕ್ಕಮ್ಮ, ಅಕ್ಕ ಬೇಕಂತ ಎತ್ತದೇ ಇದ್ದದ್ದಲ್ಲ. ಅವಳ ಕೈಗೆ ಆಗದ ಫೋನನ್ನ, ಅವಳು ಕೂರೋ ಕಡೆ ಸಿಗದ ನೆಟ್‌ವರ್ಕನ್ನ ಕೊಡಿಸಿದವಳು ನಾನು. ಸೊಕ್ಕು ಅಂತ ನಿಮ್ಮ ಕಿವಿ ಊದಿದವಳೂ ನಾನೇ."



"ನಿನ್ನ ಮಾತು ಕೇಳ್ಕೊಂಡು ಮಗಳಂಥವಳ ಮುಖ ನೋಡೋಕೂ ನಾನು ಬರಲಿಲ್ಲವಲ್ಲೇ," ಎಂದರು ಚಿಕ್ಕಮ್ಮ. "ನನ್ನ ಮಕ್ಕಳಿಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ತಂಗಿ ಒಬ್ಬೊಬ್ಬರಿಗೂ ಕರೆ ಮಾಡಿ ಹೇಳಿದಳು. ಯಾರೂ ಅವಳನ್ನು ಸಮಾಧಾನಪಡಿಸಲಿಲ್ಲ.

ಕಾಜಾ ಅಕ್ಕ ಬಿಟ್ಟುಹೋದದ್ದು: ಒಂದು ಭಾರವಾದ ಕತ್ತರಿ, ನೂಲಿಗೆ ಉಜ್ಜುವ ಜೇನುಮೇಣದ ಉಂಡೆ, ದಾರ ಕಟ್ಟಿದ ಕನ್ನಡಕ, ಒಂದಕ್ಕೊಂದು ಜೊತೆಯಾಗದ ಗುಂಡಿಗಳು ತುಂಬಿದ ತಗಡಿನ ಡಬ್ಬಿ, ಮೇಲಿನ ತೆಳು ಹಾಳೆಯನ್ನೂ ಕೀಳದ ಒಂದು ಫೋನು, ಎರಡು ಸೀರೆ, ಒಂದು ಉಣ್ಣೆಯ ಶಾಲು, ತೋಳಿನ ಕಾಜಾಗಳು ಇನ್ನೂ ಬಾಕಿಯಿದ್ದ ಬೂದುಬಣ್ಣದ ಒಂದು ಕೋಟು, ಬಾಡಿಗೆ ಕೋಣೆಯ ಬೀಗದ ಕೈ.