ನೆಸಿಬೆ ಅತಿಥಿಯಾದ ಬೆಳಗು

ಹನ್ನೊಂದು ವರ್ಷದವಳಿದ್ದಾಗ ನೆಸಿಬೆ ಒಂದು ಬಟ್ಟಲು ಕಾಫಿ ಕುಡಿದು ಎರಡು ಜೀವ ಉಳಿಸಿದ್ದಳು. ಅಲ್ಬೇನಿಯಾದ ಬೆರಾಟ್ ಪಟ್ಟಣ ಜರ್ಮನ್ ಸೈನಿಕರ ಕೈಯಲ್ಲಿದ್ದ ಕಾಲವದು. ಈಗ ಅರವತ್ತು ದಾಟಿದ ಆಕೆ ಊರಿಗೆ ಗೊತ್ತಿರುವುದು ರಜಾಯಿ ಹೊಲಿಯುವ ಹೆಂಗಸಾಗಿ ಮಾತ್ರ.

ಓಸುಮ್ ಹೊಳೆಯ ಮಂಜು ಓಣಿಯ ಮೆಟ್ಟಿಲು ಹತ್ತಿ ಬರುವ ನಸುಕಿನಲ್ಲಿ ಆಕೆ ಬಿಲ್ಲು ಮಿಡಿದು ಉಣ್ಣೆ ಹಿಂಜುತ್ತಾಳೆ. ಎಳೆಗಳು ತೇಲಿ ಏಳುತ್ತವೆ. ಮಂಜು ಯಾವುದು, ಉಣ್ಣೆ ಯಾವುದು ತಿಳಿಯದು.

"ಅಜ್ಜಿ, ಮೂಗಿನ ಮೇಲೆಲ್ಲ ಉಣ್ಣೆ! ಕುರಿ ಆಗೋಗಿದೀಯ," ಎಂದು ಮೊಮ್ಮಗಳು ಮಿರ್ಯೆಟಾ ನಗುತ್ತಾಳೆ.

"ಆಗ್ಲಿ ಬಿಡೇ, ಬೆಚ್ಚಗಾದ್ರೂ ಇರ್ತೀನಿ."

ವಾರಕ್ಕೆ ಎರಡು ರಜಾಯಿ. ಗಂಡ ತೀರಿಕೊಂಡ ಮೇಲೆ ಮೂವರು ಮಕ್ಕಳು ಬೆಳೆದದ್ದು ಈ ಸೂಜಿಯಿಂದಲೇ. ಬೆರಳುಗಳು ಈಗ ನೆಟ್ಟಗಾಗುವುದಿಲ್ಲ. ಆದರೂ ಕೈ ಆಡುತ್ತಿರುವಾಗ ಮನಸ್ಸು ತಾನಾಗಿ ಆ ಬೆಳಗಿಗೆ ತೇಲುತ್ತದೆ, ಮೊಮ್ಮಗಳಿಗೆ ಕಥೆ ಶುರುವಾಗುತ್ತದೆ.

ಹಿಂದಿನ ಸಂಜೆಯಷ್ಟೇ ಗಡಿಯಾಚೆಯ ಸ್ಕೋಪ್ಯೆ ಪಟ್ಟಣದಿಂದ ತಪ್ಪಿಸಿಕೊಂಡು ಬಂದ ಯಹೂದಿ ಹೆಂಗಸು ರಶೇಲಾ, ಕೈಗೂಸು ಲೂನಾಳನ್ನು ಎದೆಗವುಚಿಕೊಂಡು ಹಾಸಿಗೆಗಳನ್ನಿಡುವ ಕಪಾಟಿನೊಳಗೆ ಅಡಗಿದ್ದಳು. ಬಾಗಿಲಲ್ಲಿ ಸೈನಿಕರು, ಜೊತೆಗೆ ಅವರ ಮಾತು ತಿಳಿಸಲು ಹೊಳೆಯಾಚೆಯ ಕೇರಿಯವನೊಬ್ಬ. ಅವನ ಕಣ್ಣು ಹೊಸ್ತಿಲಿಗೆ ಬಿತ್ತು. ಮನೆಯವರ ಬೂಟುಗಳೆಲ್ಲ ಒಳಮುಖವಾಗಿದ್ದವು. ಒಂದು ಜೋಡಿಯನ್ನು ಮಾತ್ರ ಒರೆಸಿ ಹೊರಮುಖವಾಗಿ ಇಡಲಾಗಿತ್ತು. ಬಂದವರು ಹೊರಡುವಾಗ ಸಲೀಸಾಗಿ ಮೆಟ್ಟಿಕೊಳ್ಳಲೆಂದು ಅತಿಥಿಯ ಬೂಟನ್ನು ತಿರುಗಿಸಿಡುವುದು ಅಲ್ಲಿನ ಪ್ರತಿ ಮನೆಯ ರೂಢಿ. ನೆಸಿಬೆಯ ತಾಯಿಯ ಕೈ ಅಂದೂ ಅಭ್ಯಾಸ ತಪ್ಪಿರಲಿಲ್ಲ.

"ಯಾರಮ್ಮ ಬಂದಿರೋದು?" ಎಂದ ಅವನು.

ಯಾರೂ ಇಲ್ಲವೆನ್ನಲು ತಾಯಿಗೆ ನಾಲಿಗೆ ಬರಲಿಲ್ಲ. ಮನೆಯಲ್ಲಿರುವ ಅತಿಥಿಯನ್ನು ಇಲ್ಲವೆಂದು ಆಕೆ ಹುಟ್ಟಿದಾಗಿನಿಂದ ಹೇಳಿದವಳಲ್ಲ.

"ನಾನು! ಇವತ್ತು ನಾನೇ ಅತಿಥಿ," ಎಂದು ನೆಸಿಬೆ ಒಲೆಯ ಬಳಿಯ ದೊಡ್ಡವರ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿದಳು. "ಕಾಫಿ ಎಲ್ಲಮ್ಮ? ಎಷ್ಟೊತ್ತು ಕಾಯ್ಬೇಕು?"

ತಾಯಿ ಬಟ್ಟಲು ನೀಡಿ, "ಪ್ರಯಾಣ ಸುಖವಾಗಿತ್ತೇನಮ್ಮ? ಮನೇಲೆಲ್ಲ ಕ್ಷೇಮಾನಾ?" ಎಂದು ವಾಡಿಕೆಯಂತೆ ವಿಚಾರಿಸಿದಳು. ಅದೇ ಗಳಿಗೆಯಲ್ಲಿ ಕಪಾಟಿನೊಳಗೆ ಕೂಸು ಕುಂಯಿಗುಟ್ಟಿತು. ನೆಸಿಬೆ ಬಿಸಿ ಕಾಫಿಯನ್ನು ಗುಟುಕರಿಸಿ, ಮನೆಯೇ ಅದುರುವಂತೆ ಕೆಮ್ಮಿದಳು, ಕೆಮ್ಮುತ್ತಲೇ ಇದ್ದಳು. ಸೈನಿಕರು ನಕ್ಕರು. ಹೊಳೆಯಾಚೆಯವನು ನಗಲಿಲ್ಲ. ಅವರಿಗೆ ಏನೋ ಹೇಳಿ ಹೊರಡಿಸಿದ. ತಾನು ಹಿಂದುಳಿದು, ಬಗ್ಗಿ, ಆ ಜೋಡಿಯನ್ನು ಮೆಲ್ಲಗೆ ಒಳಮುಖ ಮಾಡಿಟ್ಟು ಹೋದ.

ರಶೇಲಾ ಮತ್ತು ಲೂನಾ ಯುದ್ಧ ಮುಗಿಯುವವರೆಗೂ ಆ ಮನೆಯಲ್ಲೇ ಉಳಿದರು.

"ಯಹೂದಿಗಳನ್ನ ಬಚ್ಚಿಟ್ಟೋರನ್ನ ಈಗ ಎಲ್ಲೆಲ್ಲೋ ಹೊಗಳ್ತಾರಂತೆ. ನಾವು ಬಾಗಿಲಿಗೆ ಬಂದೋರನ್ನ ಒಳಗೆ ಕರೆದ್ವಿ, ಅಷ್ಟೆ," ಎನ್ನುತ್ತಾಳೆ ನೆಸಿಬೆ. "ಲೂನಾಗೂ ಈಗ ಐವತ್ತು ಆಗಿರ್ಬೇಕು. ಒಂದ್ಸಲ ಬಂದು ನನ್ನ ರಜಾಯಿ ಹೊದ್ದು ಮಲಗಿ ಹೋದ್ರೆ ಸಾಕು."

ಪಕ್ಕದಲ್ಲಿ ಹೊಲಿಯುತ್ತಿದ್ದ ಮಿರ್ಯೆಟಾಳ ಸೂಜಿ ನಿಂತಿದೆ.

"ಅಜ್ಜಿ, ನೀನು ಕೆಮ್ಮಿದ್ದು ಕಾಫಿ ಕಹಿಗೋ, ಬೇಕಂತ್ಲೋ?"

"ನೆತ್ತಿಗೇರಿತ್ತು ಕಣೇ. ಆಮೇಲಿಂದು ಬೇಕಂತ್ಲೇ."

"ಕೂಸು ಕುಂಯಿಗುಟ್ಟಿದಲ್ಲಿಂದ ಇನ್ನೊಂದ್ಸಲ ಹೇಳು."