ಲಿಗಾಯಳಿಗೆ ನಾನು ಕೊಟ್ಟ ಅರವತ್ತು

ಲಿಗಾಯ ಬೆರಳು ತೋರಿಸುತ್ತಿರಲಿಲ್ಲ, ತುಟಿ ತೋರಿಸುತ್ತಿದ್ದಳು. ಕುಡುಗೋಲು ಎಲ್ಲಿ ಅಂತ ಕೇಳಿದರೆ ಬಾಯಿ ಮುಚ್ಚಿಕೊಂಡೇ ಎರಡು ತುಟಿಯನ್ನೂ ಮುಂದೆ ಚಾಚಿ ಮೂಲೆಯ ಕಡೆಗೆ ಮುಖ ತಿರುಗಿಸುವಳು. ಕುಡುಗೋಲು ಅಲ್ಲೇ ಇರುತ್ತಿತ್ತು. ಹೌದು ಎನ್ನುವುದಕ್ಕೆ ಹುಬ್ಬು ಎತ್ತುತ್ತಿದ್ದಳು. ಬಂದ ದಿನ ನಾನು "ಉಣ್ತೀಯಾ ಮಗ?" ಅಂದೆ. ಹುಬ್ಬು ಎತ್ತಿದಳು. ಅರ್ಥವಾಗಲಿಲ್ಲವೇನೋ ಅಂತ ಇನ್ನೊಂದು ಸಲ ಕೇಳಿದೆ. ಇನ್ನೊಂದು ಸಲ ಎತ್ತಿದಳು. ನಾಲ್ಕನೇ ಸಲಕ್ಕೆ ತಾನೇ ಅಡುಗೆಮನೆಗೆ ಹೋಗಿ ತಟ್ಟೆ ತಂದುಕೊಂಡು ನನ್ನ ಮುಂದೆ ಕೂತಳು.

ಮಕ್ಕಳೇ, ನಮ್ಮ ರೇಷ್ಮೆಹುಳದ ಮನೆಯ ಗೋಡೆಯಲ್ಲಿ ಬಣ್ಣದ ಚೌಕಗಳಿರುವ ಹಾಳೆ ಇದೆಯಲ್ಲ, ಅದು ಯಾರದು ಅಂತ ನೀವಿಬ್ಬರೂ ಕೇಳುತ್ತಲೇ ಇರುತ್ತೀರಿ. ಅದು ಅವಳದು. ಅವಳು ಹೊಂಗನೂರಿಗೆ ಬಂದಾಗ ನೀವು ಅಂಗನವಾಡಿಗೆ ಹೋಗುತ್ತಿದ್ದಿರಿ. ಅವಳ ಬೆನ್ನ ಮೇಲೆ ಕೂತು ಅಂಗಳ ಸುತ್ತಿದ್ದು ನಿಮಗೆ ನೆನಪಿರಲಾರದು. ಬಾಯಲ್ಲಿ ಹೇಳೋಣವೆಂದರೆ ನನಗೆ ಅಷ್ಟು ಹೊತ್ತು ಮಾತಾಡಿ ರೂಢಿಯಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಅವಳ ಊರು ಫಿಲಿಪ್ಪೀನ್ಸ್ ದೇಶದಲ್ಲಿ. ನೂಲು, ಬಟ್ಟೆ, ನೇಯ್ಗೆಯ ಬಗ್ಗೆ ಓದುತ್ತಿದ್ದಳು. ಅವಳ ಕಾಲೇಜಿಗೂ ಬೆಂಗಳೂರು ಕಡೆಯ ಒಂದು ಯೂನಿವರ್ಸಿಟಿಗೂ ಒಪ್ಪಂದವಿತ್ತಂತೆ. ಅಲ್ಲಿನ ಮಕ್ಕಳು ಬಂದು ಇಲ್ಲಿ ಒಂದು ಸೆಮಿಸ್ಟರ್ ಓದಬಹುದು. ಆದರೆ ಐದು ವಿಷಯ ತೆಗೆದುಕೊಂಡು ಐದರಲ್ಲೂ ಪಾಸಾದರೆ ಮಾತ್ರ ಆ ಓದು ಅಲ್ಲಿ ಲೆಕ್ಕಕ್ಕೆ. ಒಂದು ಕಡಿಮೆಯಾದರೂ ಊರಿಗೆ ಹೋಗಿ ಅಷ್ಟನ್ನೂ ಮೊದಲಿಂದ ಓದಬೇಕು, ಜೊತೆಯವರೆಲ್ಲ ಮುಂದೆ ಹೋಗಿರುತ್ತಾರೆ. ಅವಳು ತನ್ನ ಊರಲ್ಲೇ ಕೂತು ಐದು ವಿಷಯ ಆರಿಸಿ, ಹಾಳೆಯಲ್ಲಿ ಚೌಕ ಹಾಕಿ, ಬಣ್ಣ ತುಂಬಿಕೊಂಡು ವಿಮಾನ ಹತ್ತಿದ್ದಳು. ಇಲ್ಲಿ ಇಳಿದು ನೋಡಿದರೆ ಎರಡು ವಿಷಯ ಈ ವರ್ಷ ಪಾಠವೇ ಇಲ್ಲ. ಉಳಿದ ಮೂರರಲ್ಲಿ ಕನ್ನಡದ ಕ್ಲಾಸೂ ನೂಲಿನ ಬಣ್ಣಗಾರಿಕೆಯ ಕ್ಲಾಸೂ ಒಂದೇ ಗಂಟೆಗೆ. ಹೊಸ ಪಟ್ಟಿ ಕಳಿಸಲು ಎರಡು ವಾರ ಗಡುವು.

ಅಲ್ಲಿಯ ಮೇಡಂ ಒಬ್ಬರು ನಿಮ್ಮ ಅಮ್ಮನ ಜೊತೆ ಓದಿದವರು. "ರೇಷ್ಮೆ ಸಾಕುವ ಮನೆಯಲ್ಲಿ ಇದ್ದು ಕಲಿತರೆ ಅದನ್ನೂ ಒಂದು ವಿಷಯ ಅಂತ ಬರೆದುಕೊಳ್ಳಬಹುದು" ಎಂದು ಅವಳನ್ನು ನಮ್ಮ ಮನೆಗೆ ಕಳಿಸಿದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟವಳೇ ಬಗ್ಗಿ, ನನ್ನ ಬಲಗೈ ಎತ್ತಿ, ಅದರ ಹಿಂಬದಿಯನ್ನು ತನ್ನ ಹಣೆಗೆ ಮುಟ್ಟಿಸಿಕೊಂಡಳು. ಅವರ ಕಡೆ ಹಿರಿಯರಿಗೆ ನಮಸ್ಕಾರ ಹಾಗಂತೆ. ನಾನು ಆಗಷ್ಟೇ ಸೊಪ್ಪು ಸೋಸುತ್ತಿದ್ದೆ. ಅವಳ ಹಣೆಯಲ್ಲಿ ಹಸಿರು ಕಲೆ ಉಳಿಯಿತು. ಇಡೀ ದಿನ ಅದನ್ನು ಒರೆಸಿಕೊಳ್ಳಲಿಲ್ಲ.

ಅವಳ ಕನ್ನಡ ಪುಸ್ತಕದ ಕನ್ನಡ. "ಅಜ್ಜಿ, ನಾನು ಈಗ ಸ್ನಾನವನ್ನು ಮಾಡುತ್ತೇನೆ" ಅನ್ನುವಳು. ನಿಮ್ಮ ಅಪ್ಪ ಅವಳ ಬೆನ್ನಹಿಂದೆ ನಗುವನು. ಬಸ್ಸಾರಿಗೆ ಇನ್ನೊಂದಿಷ್ಟು ಹುಣಸೆಹುಳಿ ಬೇಕು ಅನ್ನುವಳು, ಮೂರು ಹೊತ್ತೂ ಅನ್ನ ಬೇಕು ಅನ್ನುವಳು. ಮೊದಲ ಸಲ ಹೊರಟಾಗ "ನಾನು ಹೋಗುತ್ತೇನೆ" ಅಂದಳು. ನಾನು ಗದರಿಸಿದೆ. "ಹಂಗನ್ಬಾರದು ಕಣವ್ವ. ಬತ್ತೀನಿ ಅನ್ನಬೇಕು."

"ಹೋಗುವವರು ಬರುತ್ತೇನೆ ಎಂದು ಏಕೆ ಹೇಳಬೇಕು?"

"ಬರ್ಲಿ ಅಂತ."

ಹುಬ್ಬು ಎತ್ತಿದಳು.

ಆ ಮೊದಲ ವಾರವೇ ನಡುಮನೆಯಲ್ಲಿ ಹಾಳೆ ಹರಡಿಕೊಂಡು ಕೂತಿದ್ದಳು. ಐದು ಚೌಕದ ಜಾಗದಲ್ಲಿ ಎಂಟು ಚೌಕ. "ಅಜ್ಜಿ, ಎಂಟು ವಿಷಯಗಳನ್ನು ಬರೆದಿದ್ದೇನೆ. ಮೂರು ಬಿದ್ದುಹೋದರೂ ಐದು ಉಳಿಯುತ್ತವೆ" ಅಂದಳು. ಕಣ್ಣು ಕೆಂಪಗಾಗಿತ್ತು. ನಾನು ಅವಳನ್ನು ಹುಳದ ಮನೆಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದೆ. ಅಲ್ಲಿ ನಮ್ಮ ಪಟ್ಟಿ ಇತ್ತು. ಚಾಕಿ ಹುಳ, ಅಂದರೆ ಎರಡು ಜ್ವರ ಎದ್ದ ಮರಿಹುಳ, ಮನೆಗೆ ಬಂದ ದಿನ. ಮೂರನೇ ಜ್ವರ, ನಾಲ್ಕನೇ ಜ್ವರ. ಹುಳ ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವಲ್ಲ, ಆ ಹೊತ್ತಿನಲ್ಲಿ ತಲೆ ಎತ್ತಿ ಸುಮ್ಮನಿರುತ್ತವೆ, ಹಿಪ್ಪುನೇರಳೆ ಸೊಪ್ಪು ಹಾಕಬಾರದು. ಆಮೇಲೆ ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವ ದಿನ, ಗೂಡು ಬಿಡಿಸುವ ದಿನ.

"ಸೊಪ್ಪು ನೋಡ್ಕಂಡು ಹುಳ ಇಕ್ಕಬೇಕು ಕಣ ಮಗ" ಅಂದೆ. ನಿಮ್ಮ ತಾತನ ಕಥೆಯನ್ನೂ ಹೇಳಿದೆ. ತೋಟದಲ್ಲಿ ನೂರು ಮೊಟ್ಟೆಗೆ, ಅಂದರೆ ನೂರು ಚಿಟ್ಟೆ ಇಟ್ಟಷ್ಟು ಮೊಟ್ಟೆಯ ಹುಳಕ್ಕೆ, ಸೊಪ್ಪಿದ್ದ ವರ್ಷ ಆಸೆಬಿದ್ದು ಇನ್ನೂರು ಮೊಟ್ಟೆಯ ಹುಳ ತಂದಿದ್ದರು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ರಾಕ್ಷಸ ಹಸಿವು. ಸೈಕಲ್ ಹತ್ತಿ ದೊಡ್ಡಮಳೂರು, ಬೈರಾಪಟ್ಟಣ ಎಲ್ಲ ಸುತ್ತಿ ಕಂಡವರ ತೋಟದಲ್ಲಿ ಸೊಪ್ಪು ಬೇಡಿದರು. ಕೊನೆಗೆ ಗೂಡು ಕಟ್ಟಿದ್ದು ನೂರು ಮೊಟ್ಟೆಯ ಬೆಳೆಗಿಂತ ಕಡಿಮೆ. "ಇನ್ಮ್ಯಾಕೆ ನೀನು ಹೇಳ್ದಷ್ಟೇ ಹುಳ ತತ್ತೀನಿ ಕಣೆ" ಅಂದಿದ್ದರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ಸೋತು ಒಪ್ಪಿಕೊಂಡದ್ದು ಅದೊಂದೇ ಸಲ.

ಲಿಗಾಯ ಗೋಡೆಯನ್ನು ಬಹಳ ಹೊತ್ತು ನೋಡಿದಳು. ತನ್ನ ಹಾಳೆ ತಂದು ನಮ್ಮ ಪಟ್ಟಿಯ ಪಕ್ಕ ಅಂಟಿಸಿದಳು. ಎಂಟರಲ್ಲಿ ನಾಲ್ಕನ್ನು ಹೊಡೆದುಹಾಕಿದಳು. ಬಣ್ಣಗಾರಿಕೆ ಬಿಟ್ಟು ಕನ್ನಡ ಇಟ್ಟುಕೊಂಡಳು. ಸೋಮವಾರದಿಂದ ಗುರುವಾರದ ತನಕ ಅಲ್ಲಿ ನಾಲ್ಕು ವಿಷಯ. ಶುಕ್ರವಾರ ಬೆಳಿಗ್ಗೆ ರೈಲಲ್ಲಿ ಚನ್ನಪಟ್ಟಣ, ಅಲ್ಲಿಂದ ಬಸ್ಸಲ್ಲಿ ಹೊಂಗನೂರು, ಭಾನುವಾರದ ತನಕ ಇಲ್ಲಿ ಐದನೆಯದು. ಹುಳ ಹಣ್ಣಾಗುವುದು ಶುಕ್ರವಾರ, ಶನಿವಾರಕ್ಕೆ ಬೀಳುವ ಹಾಗೆ ಚಾಕಿ ತರುವ ದಿನವನ್ನು ಎರಡು ದಿನ ಹಿಂದಕ್ಕೆ ಹಾಕಿಕೊಳ್ಳಬಹುದೇ ಎಂದು ನಿಮ್ಮ ಅಪ್ಪನನ್ನು ಕೇಳಿದಳು.

"ಹುಳುಕ್ಕೂ ಟೈಮ್ ಟೇಬಲ್ ಹಾಕ್ಬುಟ್ಳಲ್ಲವ್ವ ಇವ್ಳು!" ಅಂದ ನಿಮ್ಮ ಅಪ್ಪ. ಆದರೆ ಹಾಗೇ ತಂದ.

ಐದನೆಯ ಚೌಕದಲ್ಲಿ ಕಲಿಸುವವರ ಹೆಸರು ಬರೆಯಬೇಕಿತ್ತು. ನಿಮ್ಮ ಅಪ್ಪನ ಹೆಸರು ಬರಿ ಅಂದೆ. ಅವಳು ನನ್ನ ಕಡೆಗೆ ತುಟಿ ಚಾಚಿದಳು.

"ನಾನು ಏಳ್ನೇ ಕ್ಲಾಸು ಕಣವ್ವ. ಸಂಘದ ಮೀಟಿಂಗಲ್ಲೂ ಬಾಯಿ ಬುಡದವಳು."

"ಹುಳುಗಳು ಮಾತನಾಡುವುದಿಲ್ಲ ಅಜ್ಜಿ" ಅಂದಳು, ನನ್ನ ಹೆಸರನ್ನೇ ಬರೆದಳು.

ಕಲಿಯುವುದರಲ್ಲಿ ಜಾಣೆ, ಆದರೆ ಅವಸರದವಳು. ಕಾಲಿಗೆ ಸುಣ್ಣದ ಪುಡಿ ಮುಟ್ಟಿಸದೆ ಒಳಗೆ ಹೋಗಬಾರದು, ಹೂವು, ಪೌಡರು, ಸೆಂಟು ಯಾವ ವಾಸನೆಯೂ ಕೂಡದು ಅಂತ ಹೇಳಿದ್ದೆ. ಎರಡನೇ ಬೆಳೆಯಲ್ಲಿ ಒಂದು ಶುಕ್ರವಾರ ರೈಲು ತಡವಾಗಿ ಬಂತು. ಓಡಿಬಂದವಳೇ ನೇರ ಒಳಗೆ ಹೋಗಿ ಸೊಪ್ಪು ಹಾಕಿದಳು. ಹಾಸ್ಟೆಲಿನಲ್ಲಿ ಕೈಗೆ ಹಚ್ಚಿಕೊಂಡಿದ್ದ ಸೊಳ್ಳೆ ಮುಲಾಮು ಮರೆತೇಹೋಗಿತ್ತು. ಮಧ್ಯಾಹ್ನಕ್ಕೆ ಒಂದು ಸ್ಟ್ಯಾಂಡಿನ ಹುಳವೆಲ್ಲ ತಲೆ ಒದರುತ್ತಾ ಹಸಿರು ವಾಂತಿ ಮಾಡಿದವು. ನಾವು ಎತ್ತಿ ಗುಂಡಿಗೆ ಹಾಕಬೇಕಾಯಿತು. ಅವಳು ಗುಂಡಿಯ ಪಕ್ಕ ಕೂತು ಅಳುತ್ತಾ ಒಂದೊಂದು ಹುಳಕ್ಕೂ "ಕ್ಷಮಿಸಿ" ಅನ್ನುತ್ತಿದ್ದಳು. ನಿಮ್ಮ ಅಪ್ಪನಿಗೆ ಸಿಟ್ಟು ಮಾಡಲೂ ಆಗಲಿಲ್ಲ. ಅಲ್ಲಿಂದ ಮುಂದೆ ಬಸ್ಸಿಳಿದ ಕೂಡಲೇ ಬೋರಿನ ನೀರಲ್ಲಿ ಮೊಣಕೈ ತನಕ ತೊಳೆದು, ನನ್ನ ಮೂಗಿನ ಹತ್ತಿರ ಕೈ ಚಾಚುವಳು. ನಾನು ಮೂಸಿ "ಹೂಂ" ಅಂದರೆ ಒಳಗೆ.

ಮೂರನೇ ಬೆಳೆಗೆ ಅವಳ ಕಣ್ಣು ಪಳಗಿತ್ತು. ಹುಳವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೈ ಜೇನಿನ ಹಾಗೆ ಹೊಳೆದರೆ "ಹಣ್ಣು", ಇಲ್ಲದಿದ್ದರೆ "ಒಸಿ ತಡೀಲಿ" ಅಂತ ಪಕ್ಕಕ್ಕೆ ಬಿಡುವಳು. ಹಣ್ಣು ಹುಳ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡುವುದರಲ್ಲಿ ನಿಮ್ಮ ಅಪ್ಪನನ್ನು ಹಿಂದೆ ಹಾಕಿದಳು. "ಉಂಡ್ಬುಟ್ಟು ಬತ್ತೀನಿ ಅಜ್ಜಿ" ಅನ್ನುವಷ್ಟು ಕನ್ನಡವೂ ಹಣ್ಣಾಗಿತ್ತು.

ಕೊನೆಗೆ ಅಂಕದ ಹಾಳೆ ನನ್ನ ಕೈಗೆ ಬಂತು. ನೂರಕ್ಕೆ ಎಷ್ಟು ಅಂತ ಬರೆದು ರುಜು ಹಾಕಬೇಕು. ಒಂದು ಬೆಳಿಗ್ಗೆಯೆಲ್ಲ ಯೋಚಿಸಿದೆ. ಏಳನೇ ಕ್ಲಾಸಿನಲ್ಲಿ ನನಗೆ ಬಂದದ್ದು ಐವತ್ತೆರಡು. ಫಸ್ಟ್ ಕ್ಲಾಸು, ಅಂದರೆ ಅರವತ್ತು, ನಮ್ಮ ಶಾಲೆಗೇ ಒಬ್ಬಳಿಗೆ ಬಂದಿತ್ತು. ಮೇಷ್ಟ್ರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದರು. ಲಿಗಾಯಳಿಗೆ ಅರವತ್ತೈದು ಕೊಡಬೇಕು ಅನ್ನಿಸಿತು. ಸೊಳ್ಳೆ ಮುಲಾಮಿಗೆ ಐದು ಕಿತ್ತುಕೊಂಡೆ. ಅರವತ್ತು ಅಂತ ಬರೆದ ಮೇಲೂ ಜಾಸ್ತಿಯಾಯಿತೇನೋ ಅನ್ನಿಸಿತು. ಅವಳು ಓದಿಕೊಂಡಳು, ಇನ್ನೊಂದು ಸಲ ಓದಿಕೊಂಡಳು, ನನ್ನ ಕೈಯನ್ನು ಹಣೆಗೆ ಮುಟ್ಟಿಸಿಕೊಂಡು ಬಸ್ಸಿಗೆ ಹೋದಳು.

ನಾಲ್ಕು ದಿನ ಬಿಟ್ಟು ಮೇಡಂ ಫೋನು ಬಂತು. ನಿಮ್ಮ ಅಮ್ಮ ಮಾತಾಡಿ ಸಪ್ಪಗೆ ಬಂದಳು. "ಅತ್ತೆ, ಅವ್ಳ ಕಾಲೇಜಲ್ಲಿ ಎಪ್ಪತ್ತೈದಕ್ಕೆ ಕಮ್ಮಿ ಬಂದ್ರೆ ಫೇಲಂತೆ. ನಾಲ್ಕರಲ್ಲೂ ಪಾಸಾಗವ್ಳೆ. ನಮ್ಮದರಲ್ಲೇ ಹೋಯ್ತು."

ಚಪ್ಪಾಳೆ ಹೊಡೆಸಬೇಕು ಅಂತ ನಾನು ಕೊಟ್ಟ ಅಂಕ ಮಗುವಿನ ಓದನ್ನೇ ಮುಳುಗಿಸಿತ್ತು.

"ಹಾಳೆ ಮತ್ತೆ ತರಿಸವ್ವ, ತೊಂಬತ್ತು ಹಾಕು. ನಮ್ಮಪ್ಪನ ಗಂಟೇನು ಹೋಯ್ತದೆ?" ಅಂದ ನಿಮ್ಮ ಅಪ್ಪ. ನಾನೂ ಹೂಂ ಅಂದೆ. ಬೇಡ ಅಂದದ್ದು ಅವಳೇ. ಶುಕ್ರವಾರ ಬಂದು, ಕೈ ತೊಳೆದು, ನನ್ನ ಮುಂದೆ ಕೂತಳು.

"ಅಜ್ಜಿ, ನೀವು ನನ್ನ ಕೈ ಮೂಸದೆ ಹೂಂ ಅಂದಿದ್ದೀರಾ?"

"ಇಲ್ಲ ಕಣ."

"ಹಂಗಾದ್ರೆ ಅರವತ್ತೇ ಇರ್ಲಿ. ಅರವತ್ತು ಅಂದ್ರೆ ಏನು ಅಂತ ನಮ್ಮ ಟೀಚರಿಗೆ ನೀವು ಹೇಳಿ."

ಹೇಳುವುದು ಅಂದರೆ ಮೊಬೈಲಿನಲ್ಲಿ, ಮುಖ ನೋಡಿಕೊಂಡು! ನಾನು ಮದುವೆಯಾಗಿ ಈ ಊರಿಗೆ ಬಂದಾಗಿಂದ ಹೊರಗಿನವರ ಎದುರು ಬಾಯಿಗೆ ಸೆರಗು ಅಡ್ಡ ಹಿಡಿಯದೆ ಮಾತಾಡಿದವಳಲ್ಲ. ಶನಿವಾರ ಬೆಳಿಗ್ಗೆ ನಿಮ್ಮ ಅಮ್ಮ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟಳು. ಪರದೆಯ ಆ ಕಡೆ ಯೂನಿವರ್ಸಿಟಿಯ ಮೇಡಂ, ಈ ಕಡೆ ಲಿಗಾಯಳ ಊರಿನ ಟೀಚರು, ನನ್ನಷ್ಟೇ ವಯಸ್ಸಿನ, ಬೆಳ್ಳಗಿನ ತಲೆಯ ಹೆಂಗಸು. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೆ. ಟೀಚರು ಏನೋ ಕೇಳಿದರು.

"ಇಷ್ಟು ಕಡಿಮೆ ಯಾಕೆ ಕೊಟ್ಟಿರಿ ಅಂತವ್ರೆ ಅತ್ತೆ" ಅಂದಳು ನಿಮ್ಮ ಅಮ್ಮ.

ಕಡಿಮೆ ಅಂದದ್ದಕ್ಕೆ ನನಗೆ ಎಲ್ಲಿತ್ತೋ ಸಿಟ್ಟು ಬಂತು. "ಕಮ್ಮಿ ಅಲ್ಲ ಕಣಮ್ಮ! ನಮ್ಮ ಕಡೆ ಅರವತ್ತು ಅಂದ್ರೆ ಫಸ್ಟ್ ಕ್ಲಾಸು. ನನಗೆ ಬಂದಿದ್ದು ಐವತ್ತೆರಡು. ಒಂದು ಸ್ಟ್ಯಾಂಡು ಹುಳ ಕೊಂದವ್ಳೆ, ಅದುಕ್ಕೆ ಐದು ಕಿತ್ಕಂಡಿವ್ನಿ. ಇಲ್ದಿದ್ರೆ ಇನ್ನೂ ಬತ್ತಿತ್ತು."

ನಿಮ್ಮ ಅಮ್ಮ ಇಂಗ್ಲಿಷಿನಲ್ಲಿ ಹೇಳಿದಳು. ಟೀಚರು ನಕ್ಕು ಇನ್ನೊಂದು ಕೇಳಿದರು.

"ಹುಳ ಸಾಕೋದರಲ್ಲಿ ನಿಮಗೆ ನೀವೇ ಅಂಕ ಹಾಕ್ಕಂಡ್ರೆ ಎಷ್ಟು ಹಾಕ್ಕತೀರಿ ಅಂತವ್ರೆ."

ಯೋಚಿಸಿದೆ. ಮೂವತ್ತು ವರ್ಷದ ಬೆಳೆ, ಕೆಟ್ಟ ಬೆಳೆ, ಒಳ್ಳೆಯ ಬೆಳೆ ಎಲ್ಲ ನೆನೆಸಿಕೊಂಡೆ. ಸುಳ್ಳು ಹೇಳಲಾಗಲಿಲ್ಲ. "ಎಪ್ಪತ್ತು" ಅಂದೆ. "ಅದೂ ಈಚೀಚೆಗೆ."

ಮೇಡಂ ಬಾಯಿಗೆ ಕೈ ಇಟ್ಟುಕೊಂಡರು. ಲಿಗಾಯ ನಕ್ಕು ನಕ್ಕು ನನ್ನ ಹೆಗಲಿಗೆ ಒರಗಿದಳು. ಅವರ ಲೆಕ್ಕದಲ್ಲಿ ಕಲಿಸಿದ ನಾನೇ ಫೇಲು! ಆ ಟೀಚರು ಮಾತ್ರ ಈ ಸಲ ನಗಲಿಲ್ಲ. ಮೆಲ್ಲಗೆ ಏನೋ ಹೇಳಿದರು. ಲಿಗಾಯ ಎದ್ದು ನನ್ನ ಕೈ ತೆಗೆದು ಹಣೆಗೆ ಮುಟ್ಟಿಸಿಕೊಂಡಳು.

"ಇದು ನಂದಲ್ಲ ಅಜ್ಜಿ, ಟೀಚರದು" ಅಂದಳು.

ಇಲ್ಲಿ ಅರವತ್ತು ಎಂದರೆ ಮೊದಲ ದರ್ಜೆ ಎಂದು ಮೇಡಂ ಕಾಗದ ಬರೆದು ಮೊಹರು ಹಾಕಿ ಕಳಿಸಿದರು. ಅಲ್ಲಿಯವರು ಅದನ್ನು ತಮ್ಮ ಅಳತೆಗೆ ತಿರುಗಿಸಿಕೊಂಡು ಪಾಸು ಮಾಡಿದರು. ಎಷ್ಟಕ್ಕೆ ತಿರುಗಿಸಿದರು ಅಂತ ನಾನು ಕೇಳಲಿಲ್ಲ. ಗೋಡೆಯ ಹಾಳೆಯಲ್ಲಿ ಅವಳು ಬರೆದುಕೊಂಡಿರುವುದು ಅರವತ್ತೇ. ಐದನೇ ಚೌಕ ನೋಡಿ. ಅದಕ್ಕೆ ಬಣ್ಣ ತುಂಬಿಲ್ಲ, ಹಿಪ್ಪುನೇರಳೆ ಎಲೆ ತಿಕ್ಕಿದ್ದಾಳೆ.

ಹೊರಟ ದಿನ ಬಸ್ಸು ನಿಲ್ಲುವ ಕಡೆಗೆ ನಾನೂ ಹೋದೆ. ಅವಳ ಒಂದು ಕೈಲಿ ಚೀಲ, ನಾನು ಕೊಟ್ಟ ಹುಣಸೆಹಣ್ಣಿನ ಉಂಡೆ ಇನ್ನೊಂದು ಕೈಲಿ. ಬಸ್ಸು ತಿರುವಿನಲ್ಲಿ ಕಂಡಾಗ ಅತ್ತ ತುಟಿ ಚಾಚಿ ತೋರಿಸಿದಳು. ಮೆಟ್ಟಿಲು ಹತ್ತಿ "ಬತ್ತೀನಿ ಅಜ್ಜಿ" ಅಂದಳು. ಇನ್ನೂ ಬಂದಿಲ್ಲ. ಓದು ಮುಗಿದು ಕೆಲಸಕ್ಕೆ ಸೇರಿದಳಂತೆ. ನಿಮ್ಮ ಅಮ್ಮನ ಮೊಬೈಲಿಗೆ ಆಗಾಗ ಹುಬ್ಬು ಎತ್ತಿದ ಫೋಟೋ ಬರುತ್ತದೆ.

ಮೊನ್ನೆ ನಾನು ಸೊಪ್ಪಿನ ಹೊರೆಯನ್ನು ಎರಡೂ ಕೈಲಿ ತಬ್ಬಿಕೊಂಡು ತೋಟದಿಂದ ಬರುತ್ತಿದ್ದೆ. ಕಾರು ನಿಲ್ಲಿಸಿ ಯಾರೋ "ಚನ್ನಪಟ್ಟಣಕ್ಕೆ ಯಾವ ಕಡೆ ಅಮ್ಮಾ?" ಅಂದರು. ತುಟಿ ಚಾಚಿ ತೋರಿಸಿದೆ. ಅವರಿಗೆ ಅರ್ಥವಾಯಿತು, ಹೊರಟುಹೋದರು. ಆಮೇಲೆ ನೋಡಿಕೊಂಡರೆ, ಸೆರಗು ಹೆಗಲ ಮೇಲೇ ಇತ್ತು.